ಜಿನೀವಾದಾಗ ತಿಂಗಳಿಗೆ 1,600 ಫ್ರಾಂಕ್ ಇಂಟರ್ನ್‌ಶಿಪ್, ಹೋಗ್ಲ್ಯೋ ಬ್ಯಾಡೋ ಹೇಳ್ರಿ

ಸಿಂಧನೂರು_ಹುಡುಗಿ

ಎಲ್ಲಾರಿಗೂ ನಮಸ್ಕಾರ್ರಿ. ನಾನು ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಮಾಸ್ಟರ್ಸ್) ಎರಡನೇ ವರ್ಷ ಓದಕತ್ತೀನಿ, ಊರು ಸಿಂಧನೂರು ಹತ್ರ ಒಂದು ಕ್ಯಾಂಪು. ಜಿನೀವಾದಾಗ ಒಂದು ಸಂಸ್ಥೆದಾಗ ಆರು ತಿಂಗಳ ಇಂಟರ್ನ್‌ಶಿಪ್ ಸಿಕ್ಕದ, ಸಂಸ್ಥೆ ಹೆಸರು ಬ್ಯಾಡ ಬಿಡ್ರಿ, ಯುಎನ್ ಅಂತೂ ಅಲ್ಲ. ತಿಂಗಳಿಗೆ 1,600 ಸ್ವಿಸ್ ಫ್ರಾಂಕ್ ಕೊಡ್ತಾರಂತ. ಟಿಕೆಟ್, ವೀಸಾ, ರೂಮು ಎಲ್ಲಾ ನಮ್ದೇ. ಫ್ರಾಂಕಿಗೆ 110 ರೂಪಾಯಿ ಅಂತ ಹಿಡಿದ್ರ ಒಂದೂಮುಕ್ಕಾಲು ಲಕ್ಷ ಆಗ್ತದ, ಅದನ್ನ ಕೇಳಿ ನಮ್ಮ ಮಾಮ ಊರೆಲ್ಲಾ ಹೇಳ್ಕೊಂಡು ಬಂದಾನ, ಹುಡುಗಿಗಿ ತಿಂಗ್ಳಾ ಒಂದೂಮುಕ್ಕಾಲು ಲಕ್ಷ ಪಗಾರ ಅಂತ. ನಾನು ರಾತ್ರಿ ಕುಂತು ಅಲ್ಲಿ ರೂಮಿನ ಬಾಡಿಗಿ ನೋಡ್ದೆ ನೋಡ್ರಿ, ಎದಿ ಧಸಕ್ ಅಂತು. ಸ್ಟುಡಿಯೋ ಅಂತ ಹಾಕಿರೋವೆಲ್ಲಾ 1,300, 1,500.

ಅಪ್ಪಂದು ಭತ್ತದ ಗದ್ದಿ, ಈ ಸಲ ರೇಟು ಹೆಂಗಿತ್ತು ಅಂತ ನಿಮಗೆಲ್ಲಾ ಗೊತ್ತದ. ಮನ್ಯಾಗ ಕೇಳಿದ್ರ ಇಲ್ಲ ಅನ್ನಲ್ಲ, ಎಲ್ಲಿಂದಾರ ತಂದು ಕೊಡ್ತಾರ, ಅದಕ್ಕೇ ಕೇಳಾಕ ಅಂಜಿಕಿ ಬರಕತ್ತದ. ಅಲ್ಲಿ ಇದ್ದು ಬಂದೋರು ಯಾರಾದ್ರೂ ಇದ್ರ ಹೇಳ್ರಿ, ಈ ರೊಕ್ಕದಾಗ ಜೀವನ ನಡೀತದೇನು? ಸರ್ಕಾರದ ಸ್ಕಾಲರ್‌ಶಿಪ್ ಏನರ ಅದಾವೇನು?

ವಗ್ಗರಣಿ_ಮಿರ್ಚಿ

ಬಳ್ಳಾರಿ ಬಸ್‌ಸ್ಟ್ಯಾಂಡ್ ಕಡೆ ಒಂದು ಪ್ಲೇಟ್ ವಗ್ಗರಣಿ ನಾಕು ಮಿರ್ಚಿ ತಿಂದ್ರ ಮಧ್ಯಾಹ್ನ ಊಟದ ಚಿಂತಿಲ್ಲ, ಅಲ್ಲಿ ಒಂದು ಕಾಫಿಗೇ ನಾಕು ಫ್ರಾಂಕ್ ದಾಟ್ತೈತಂತೆ. ನಿಮ್ಮ ಮಾಮನ್ನ ಮೊದ್ಲು ಅಲ್ಲಿಗೆ ಕಳಸ್ರಿ, ಒಂದು ಕಾಫಿ ಕುಡ್ದು ಬರ್ಲಿ, ಆಮ್ಯಾಲೆ ಊರಾಗ ಏನ್ ಹೇಳ್ತಾನೋ ಕೇಳಾಣ.

ಲೆಕ್ಕದ_ಮಾಸ್ತರ

ಕೊಪ್ಪಳದಿಂದ. ತಂಗಿ, ಖುಷಿ ಕೆಡಸ್ತೀನಿ ಅಂತ ಬ್ಯಾಸರ ಮಾಡ್ಕೋಬ್ಯಾಡ. ವಾರಕ್ಕ ನಲವತ್ತು ತಾಸು ದುಡಿಸ್ಕೊಂಡ್ರ 1,600 ಅಂದ್ರ ತಾಸಿಗೆ ಒಂಬತ್ತು ಫ್ರಾಂಕ್ ಚಿಲ್ಲರ ಬೀಳ್ತೈತಿ. ಅದೇ ಜಿನೀವಾದಾಗ 2020ರಾಗ ಜನ ಓಟ್ ಹಾಕಿ ಕನಿಷ್ಠ ಕೂಲಿ ತಾಸಿಗೆ 23 ಫ್ರಾಂಕ್ ಅಂತ ಮಾಡಿಸ್ಕೊಂಡಾರ, ಈಗ ಅದಕ್ಕೂ ಜಾಸ್ತಿ ಐತಿ. ಓದಿನ ಭಾಗ ಅಂತ ತೋರ್ಸಿದ ಇಂಟರ್ನ್‌ಶಿಪ್‌ಗೆ ಮಾತ್ರ ಅದು ಲಾಗೂ ಆಗಂಗಿಲ್ಲ. ಅಂದ್ರ ಆಫೀಸು ಕಸ ಹೊಡಿಯೋರಿಗಿಂತ ಅರ್ಧಕ್ಕೂ ಕಮ್ಮಿ ರೊಕ್ಕಕ್ಕ ಡಿಗ್ರಿ ಓದಿದ ನೀನು ದುಡಿಯಾಕ ಹೊಂಟಿ, ಮ್ಯಾಲೆ ನಿಮ್ಮಪ್ಪ ಕೈಯಿಂದ ಹಾಕ್ಬೇಕು. ಇಂಥಾ ಕೆಲ್ಸ ಸಾಹುಕಾರ ಮಕ್ಕಳಿಗಿ ಅಂತನ ಮಾಡಿಟ್ಟಿದ್ದು. 2015ರಾಗ ಯುಎನ್‌ನಾಗ ಸಂಬಳ ಇಲ್ಲದ ಇಂಟರ್ನ್ ಹುಡುಗ ಒಬ್ಬ ಅದೇ ಜಿನೀವಾದ ಸರೋವರದ ದಂಡಿಮ್ಯಾಗ ಟೆಂಟ್ ಹಾಕ್ಕೊಂಡು ಮಲಗಿದ್ದು ಜಗತ್ತೆಲ್ಲಾ ಸುದ್ದಿ ಆಗಿತ್ತು, ನೆಟ್‌ನಾಗ ಹುಡುಕಿ ನೋಡು.

ಕೋಟೆ_ಬದಿ_ಅಕ್ಕ

ಮಾಸ್ತರ್ರೇ ಆ ಟೆಂಟಿನ ಕಥಿ ಎಲ್ರೂ ಹೇಳ್ತಾರೆ, ಆ ಹುಡುಗ ಆಮೇಲೆ ಏನಂದ ಅಂತ ಯಾರೂ ಹೇಳಂಗಿಲ್ಲ, ಜನದ ಕಣ್ಣಿಗೆ ಬೀಳ್ಲಿ ಅಂತನೂ ಹಂಗ ಮಾಡಿದ್ದೆ ಅಂತ ತಾನೇ ಒಪ್ಕೊಂಡಿದ್ದ. ಆದ್ರೂ ಗದ್ಲ ಆಗಿದ್ದಕ್ಕೆ ಕೆಲಸ ಆತು ಅನ್ರಿ, ಡಬ್ಲ್ಯುಎಚ್ಒ 2020ರಿಂದ ಇಂಟರ್ನ್‌ಗಳಿಗೆ ಸ್ಟೈಫಂಡ್ ಕೊಡಾಕ ಶುರು ಮಾಡ್ತು. ಯುಎನ್ ಸೆಕ್ರೆಟೇರಿಯಟ್ ಮಾತ್ರ ಇವತ್ತಿಗೂ ಒಂದು ಫ್ರಾಂಕ್ ಬಿಚ್ಚಂಗಿಲ್ಲ.

ನಾನು ಬಳ್ಳಾರಿ, ಜಿನೀವಾದಾಗ ಮೊದ್ಲು ಇಂಟರ್ನ್ ಆಗಿ ಆಮೇಲೆ ಕೆಲ್ಸಕ್ಕೆ ಅಂತ ಇದ್ದು ಬಂದೀನಿ. ನೋಡಮ್ಮ ತಂಗಿ, 1,600ನಾಗ ತಿಂಗಳು ಕಳೀತೈತೆ. ಸುಖವಾಗಿ ಅಲ್ಲ, ಆದ್ರೆ ಕಳೀತೈತೆ. ನೀನು ಹೆದರಬೇಕಾಗಿದ್ದು ತಿಂಗಳ ಖರ್ಚಿಗೆ ಅಲ್ಲ, ಮೊದಲನೇ ಸ್ಟೈಫಂಡ್ ಕೈಗೆ ಬರೋಕಿಂತ ಮುಂಚೆ ಬಿಚ್ಚಬೇಕಾದ ರೊಕ್ಕಕ್ಕೆ. ಎಲ್ರೂ ಮುಗ್ಗರಿಸೋದು ಅಲ್ಲೇ.

ಸ್ಟುಡಿಯೋ ಕನಸು ಬಿಟ್ಟುಬಿಡು. ಅಲ್ಲಿ ಬಾಡಿಗಿ ಮನಿ ಏಜೆನ್ಸಿಯೋರು ಸಂಬಳದ ಸ್ಲಿಪ್ ಕೇಳ್ತಾರೆ, ಬಾಡಿಗಿ ಸಂಬಳದ ಮೂರನೇ ಒಂದು ಭಾಗ ದಾಟಬಾರ್ದು ಅಂತಾರೆ, ಮೂರು ತಿಂಗಳ ಬಾಡಿಗಿ ತನಕ ಡಿಪಾಸಿಟ್ ಕೇಳಾಕ ಕಾನೂನಿನಾಗೇ ಅವಕಾಶ ಐತೆ. ಇಂಟರ್ನ್‌ಗೆ ಅದು ಆಗದ ಮಾತು. ನಿನಗೆ ಬೇಕಾಗಿದ್ದು ಯಾರ್ದೋ ಮನ್ಯಾಗ ಒಂದು ಕೋಣಿ, ಸಬ್‌ಲೆಟ್, ಅಡಿಗಿಮನಿ ಬಚ್ಚಲ ಎಲ್ಲಾ ಹಂಚ್ಕೊಂಡು. ನಾ ಇದ್ದಾಗ ನನ್ನ ಜೊತೆಯೋರೆಲ್ಲಾ 700ರಿಂದ 1,000ದ ಒಳಗ ಇದ್ರು. ಅದಕ್ಕಿಂತ ಒಳ್ಳೇದು ಅಂದ್ರೆ ಹಾಸ್ಟೆಲ್ ತರದ ಜಾಗ. ಶಾಂಪೆಲ್ ಕಡೆ ಸಿತೆ ಯುನಿವರ್ಸಿಟೇರ್ ಐತೆ, ಗ್ರಾಂ ಸಾಕೊನೆದಾಗ ಜಾನ್ ನಾಕ್ಸ್ ಸೆಂಟರ್ ಐತೆ, ಓದೋ ಹುಡುಗ್ರಿಗೆ ಅಂತ ಸಿಗ್ಯು ಅನ್ನೋ ಕೋಆಪರೇಟಿವ್ ಐತೆ, ಕ್ರಿಶ್ಚಿಯನ್ ಸಿಸ್ಟರ್‌ಗಳು ನಡಸೋ ಹುಡುಗ್ಯಾರ ಹಾಸ್ಟೆಲ್ಲೂ ಅದಾವೆ. ಇವತ್ತೇ ಕುಂತು ಎಲ್ಲಾದಕ್ಕೂ ಮೇಲ್ ಹಾಕು, ಫ್ರೆಂಚ್‌ನಾಗ ನಾಕು ಸಾಲು ಬರ್ಸಿ ಹಾಕು, ಇಂಗ್ಲಿಷ್ ಮೇಲ್‌ಗಿಂತ ಬೇಗ ಉತ್ರ ಬರ್ತೈತೆ.

ಇನ್ನೊಂದು, ಓನರ್ ಹೊರದೇಶದಾಗ ಅದಾನೆ, ಡಿಪಾಸಿಟ್ ಕಳ್ಸಿದ್ರೆ ಬೀಗದ ಕೈ ಕೊರಿಯರ್ ಮಾಡ್ತಾನೆ ಅನ್ನೋ ಜಾಹೀರಾತು ಬಂದ್ರೆ ನೂರಕ್ಕೆ ನೂರು ಮೋಸ. ಫೋಟೋದಾಗ ಮನಿ ಜಾಸ್ತಿ ಚೆಂದ ಇದ್ದು ಬಾಡಿಗಿ ಕಮ್ಮಿ ಇದ್ರೆ ಹಂಗೇ ಮುಂದಕ್ಕೆ ಹೋಗ್ಬಿಡು. ವಿಡಿಯೋ ಕಾಲ್‌ನಾಗ ಕೋಣಿ ತೋರ್ಸದ ಹೊರ್ತು, ಈಗ ಅಲ್ಲಿ ಇರೋರ ಜೊತೆ ಮಾತಾಡದ ಹೊರ್ತು ಒಂದು ಪೈಸಾ ಹಾಕ್ಬ್ಯಾಡ.

ಸಿಂಧನೂರು_ಹುಡುಗಿ

ಅಕ್ಕಾ ಭಾಳ ಥ್ಯಾಂಕ್ಸ್. ಜಿನೀವಾ ಪಕ್ಕದಾಗೇ ಫ್ರಾನ್ಸ್ ಅದಂತಲ್ಲ, ಅನ್ಮಾಸ್ ಅಂತ ಊರು, ಅಲ್ಲಿ ಬಾಡಿಗಿ ಕಮ್ಮಿ ಅಂತ ಓದಿದೆ. ಅಲ್ಲಿದ್ದು ದಿನಾ ಟ್ರೇನಿಗೆ ಹೋಗಿ ಬಂದ್ರ?

ಕೋಟೆ_ಬದಿ_ಅಕ್ಕ

ಯುರೋಪಿನೋರಿಗೆ ಅದು ಸರಿ, ನಮಗಲ್ಲ. ನಿನಗೆ ಸಿಗೋದು ಸ್ವಿಟ್ಜರ್ಲೆಂಡ್‌ನಾಗ ಇರಾಕ ಪರ್ಮಿಟ್. ಅದನ್ನ ಇಟ್ಕೊಂಡು ಫ್ರಾನ್ಸ್‌ಗೆ ತಿರುಗಾಡಾಕ ಹೋಗ್ಬಹುದು, ಎರಡೂ ಶೆಂಗೆನ್, ಅಂದ್ರೆ ಒಂದೇ ವೀಸಾದಾಗ ಓಡಾಡೋ ದೇಶಗಳ ಗುಂಪು. ಅಲ್ಲೇ ಮನಿ ಮಾಡಾಕ ಫ್ರಾನ್ಸ್‌ದೇ ಬ್ಯಾರೆ ಲಾಂಗ್ ಸ್ಟೇ ವೀಸಾ ಬೇಕು. ಸುಮ್ನೆ ಆ ತಂಟೆಗೆ ಹೋಗ್ಬ್ಯಾಡ.

ಸಂತಿಗೆ ಮಾತ್ರ ಅಲ್ಲಿಗೇ ಹೋಗು. 2019ರ ಡಿಸೆಂಬರ್‌ನಾಗ ಲೆಮಾನ್ ಎಕ್ಸ್‌ಪ್ರೆಸ್ ಟ್ರೇನ್ ಶುರುವಾತು, ಜಿನೀವಾದ ದೊಡ್ಡ ಸ್ಟೇಷನ್ ಕಾರ್ನಾವಿನ್‌ನಾಗ ಹತ್ತಿದ್ರೆ ಅರ್ಧ ತಾಸಿನ ಒಳಗೆ ಅನ್ಮಾಸ್. 17 ನಂಬರ್ ಟ್ರಾಮೂ ಹೋಗ್ತೈತೆ. ಶನಿವಾರ ಗಡಿ ಆಚೆ ಫ್ರಾನ್ಸಿನ ಫೆರ್ನೇ ವೋಲ್ಟೇರ್ ಅನ್ನೋ ಊರಾಗ ಸಂತಿ ಕೂಡ್ತೈತೆ. ಮಾಂಸ ಗಡಿ ದಾಟಿಸೋದು ದಿನಕ್ಕೆ ಒಬ್ರಿಗೆ ಒಂದು ಕಿಲೋ ಅಷ್ಟೇ. ಒಟ್ಟು ಸಾಮಾನಿನ ಬೆಲೆ ಮೊದ್ಲು 300 ಫ್ರಾಂಕ್ ತನಕ ತೆರಿಗಿ ಇರ್ಲಿಲ್ಲ, 2025ರ ಜನವರಿಯಿಂದ ಅದನ್ನ 150ಕ್ಕೆ ಇಳಿಸ್ಯಾರೆ. ನಿನ್ನ ಚೀಲಕ್ಕೆ 150 ಧಾರಾಳ ಆತು.

ಕುಷ್ಟಗಿ_ಟು_ಪ್ಯಾರಿಸ್

ನಂದು ಪ್ಯಾರಿಸ್ ಅನುಭವ, ಹೋಲಿಸಿ ನೋಡಾಕ ಹೇಳ್ತೀನಿ. ಅಲ್ಲೇ ಮಾಸ್ಟರ್ಸ್ ಓದ್ಕೊಂತ ಇಂಟರ್ನ್‌ಶಿಪ್ ಮಾಡಿದ್ದು. ಫ್ರಾನ್ಸ್‌ನಾಗ ಎರಡು ತಿಂಗಳು ದಾಟಿದ ಇಂಟರ್ನ್‌ಶಿಪ್‌ಗೆ ರೊಕ್ಕ ಕೊಡಲೇಬೇಕು ಅಂತ ಕಾನೂನ ಐತಿ, 2025ರಾಗ ತಾಸಿಗೆ ಕನಿಷ್ಠ 4.35 ಯೂರೋ ಇತ್ತು. ತಿಂಗಳಿಗೆ ಆರುನೂರು ಚಿಲ್ಲರ ಯೂರೋ ಆಗ್ತೈತಿ, ಪ್ಯಾರಿಸ್‌ನಾಗ ಅದು ಕೋಣಿ ಬಾಡಿಗಿಗೇ ಸಾಲಂಗಿಲ್ಲ. ಆದ್ರ ಅಲ್ಲಿ ಸುತ್ತಮುತ್ತಲ ಆಸರ ಭಾಳ. ಬಸ್ಸು ಮೆಟ್ರೋ ಪಾಸಿನ ಅರ್ಧ ಕಂಪನಿಯವ್ರ ಕೊಡಬೇಕು. ಸ್ಟೂಡೆಂಟ್ ಕಾರ್ಡ್ ಇದ್ರ ಕ್ರುಸ್ ಅನ್ನೋ ಸರ್ಕಾರಿ ಸ್ಟೂಡೆಂಟ್ ಕ್ಯಾಂಟೀನಿನಾಗ, ನಾ ಇದ್ದಾಗ, 3.30 ಯೂರೋಕ್ಕ ಹೊಟ್ಟಿ ತುಂಬ ಊಟ ಸಿಗ್ತಿತ್ತು. ಮನಿಗೆ ಗ್ಯಾರಂಟಿ ನಿಲ್ಲೋರು ಇಲ್ಲಾಂದ್ರ ವಿಸಾಲ್ ಅಂತ ಗ್ಯಾರಂಟಿ ಯೋಜನೆ ಐತಿ, ಪುಕ್ಕಟ್ಟೆ. ಬೈ ಮೊಬಿಲಿಟೆ ಅಂತ ಒಂದರಿಂದ ಹತ್ತು ತಿಂಗಳ ಬಾಡಿಗಿ ಕರಾರು 2018ರ ಕಾನೂನಿನಾಗ ತಂದ್ರು, ಇಂಟರ್ನ್‌ಗಳಿಗೂ ಅನ್ವಯ, ಅದರಾಗ ಡಿಪಾಸಿಟ್ ಕೇಳೋಹಂಗೇ ಇಲ್ಲ.

ನಾನು ಇದ್ದ ಕೋಣಿ ಏಳನೇ ಮಹಡಿ, ಲಿಫ್ಟ್ ಇಲ್ಲ, ಕಾನೂನು ಪ್ರಕಾರ ಕನಿಷ್ಠ ಒಂಬತ್ತು ಚದರ ಮೀಟರ್ ಇರಬೇಕು, ನಂದು ಅಷ್ಟಕ್ಕಷ್ಟೇ ಇತ್ತು. ಮಂಚದ ಮ್ಯಾಲೆ ಕುಂತು ಕೈ ಚಾಚಿದ್ರ ಒಲಿ, ಇನ್ನೊಂದು ಕಡಿ ಚಾಚಿದ್ರ ಕಿಟಕಿ. ಚಪಾತಿ ಲಟ್ಟಸಾಕ ಮಂಚದ ಮ್ಯಾಲೆ ಹಲಗಿ ಹಾಕ್ಕೊತಿದ್ದೆ, ಹಾಸಿಗಿ ತುಂಬ ಹಿಟ್ಟು. ಗಾರ್ ದು ನೋರ್ ಸ್ಟೇಷನ್ ಹಿಂದ ಲಾ ಶಪೆಲ್ ಏರಿಯಾದಾಗ ಶ್ರೀಲಂಕಾ ತಮಿಳರ ಅಂಗಡಿಗಳದಾವ, ಕರಿಬೇವು ಹಸಿಮೆಣಸಿನಕಾಯಿ ಎಲ್ಲಾ ಅಲ್ಲೇ ತರ್ತಿದ್ದೆ.

ಆದ್ರೂ ಮಾಸ್ತರ ಹೇಳಿದ್ದು ಸುಳ್ಳಲ್ಲ. ನನ್ನ ಜೋಡಿ ಬಂದ ಇಂಟರ್ನ್‌ಗಳೊಳಗ ಬಡವರ ಮನಿಯಿಂದ ಬಂದಾವ್ರು ಕಮ್ಮಿ, ಅದು ಕಣ್ಣಿಗೆ ಕಾಣ್ತಿತ್ತು.

ಸಿರುಗುಪ್ಪ_ಗೌಡ

ಮಾಸ್ತರ ಬಡವರ ಮಕ್ಕಳು ಹೋಗಬಾರ್ದು ಅಂದಂಗ ಆತಲ್ರಿ ನೀವ್ ಹೇಳಿದ್ದು. ಸಾಹುಕಾರ ಮಕ್ಕಳಿಗೆ ಅಂತ ಮಾಡಿದ್ದು ನಿಜ, ಹಂಗಂತ ನಮ್ಮ ಹುಡುಗಿ ಮನ್ಯಾಗ ಕುಂತ್ರೆ ಅದು ಇನ್ನೂ ಸಾಹುಕಾರ್ರಿಗೇ ಬಿಟ್ಟುಕೊಟ್ಟಂಗ. ನನ್ನ ತಮ್ಮ ಜರ್ಮನಿಗೆ ಹೊಂಟಾಗ ನಮ್ಮವ್ವನ ಬಂಗಾರ ಬ್ಯಾಂಕಿನಾಗ ಅಡ ಇಟ್ವಿ. ಬಡ್ಡಿ ಕಟ್ಟಿದ್ವಿ, ಬಿಡಿಸ್ಕೊಂಡ್ವಿ, ಅಷ್ಟೇ. ಖಾಸಗಿ ಬಡ್ಡಿ ವ್ಯಾಪಾರಿ ಹತ್ರ ಮಾತ್ರ ಹೋಗಬ್ಯಾಡ್ರಿ ತಂಗಿ, ನೂರಕ್ಕೆ ತಿಂಗಳಿಗೆ ಮೂರು ಐದು ಅಂತ ಕಿತ್ಕೊಂಡು ತಿಂತಾರೆ.

ಲೆಕ್ಕದ_ಮಾಸ್ತರ

ಗೌಡ್ರ, ಹೋಗಬ್ಯಾಡ ಅಂತ ನಾ ಎಲ್ಲಿ ಅಂದೆ? ಲೆಕ್ಕ ಹಾಕಿ ಹೋಗು ಅಂತ ಹೇಳಿದ್ದು. ಆಯ್ತು ಈಗ ಲೆಕ್ಕನ ಹಾಕೂಣು. ಕೋಣಿ 850 ಅಂತ ಹಿಡಿರಿ. ಮೊದಲನೇ ತಿಂಗಳ ಬಾಡಿಗಿ 850, ಒಂದು ತಿಂಗಳ ಡಿಪಾಸಿಟ್ 850, ಪಗಾರ ಬರೋ ತನಕ ಊಟಕ್ಕ 400, ವಿಮೆ ಫೋನು ಪರ್ಮಿಟ್ ಫೀಸು ಅಂತ 200. ಒಟ್ಟು 2,300 ಫ್ರಾಂಕ್, ಎರಡೂವರಿ ಲಕ್ಷ ದಾಟ್ತೈತಿ. ಮ್ಯಾಲೆ ಟಿಕೆಟ್ಟು ವೀಸಾ. ಮೂರು ಲಕ್ಷ ಅಲ್ಲ, ಮೂರೂವರಿ ಕೈಯಾಗಿಟ್ಕೊಂಡು ವಿಮಾನ ಹತ್ತಬೇಕು. ಒಂದೂಮುಕ್ಕಾಲು ಲಕ್ಷ ಪಗಾರ ಅಂತ ಊರಾಗ ಹೇಳ್ಕೊಂತ ತಿರಗೋ ಮಾಮಗ ಈ ಮೂರೂವರಿದು ಹೇಳ್ರಿ ಮೊದ್ಲ, ಆಗೆಷ್ಟು ಕೈ ಬಿಚ್ತಾನ ನೋಡೂಣು.

ಸ್ಕಾಲರ್‌ಶಿಪ್ ಕೇಳಿದ್ಯಲ್ಲ, ನಮ್ಮ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆ ಎಸ್‌ಸಿ ಎಸ್‌ಟಿ ವಿದ್ಯಾರ್ಥಿಗಳಿಗೆ ಐತಿ, ಆದ್ರ ಅದು ಹೊರದೇಶದಾಗ ಡಿಗ್ರಿ ಓದಾಕ. ಇಂಟರ್ನ್‌ಶಿಪ್‌ಗೆ ಬರಂಗಿಲ್ಲ. ನಿಮ್ಮ ಯೂನಿವರ್ಸಿಟಿಯಾಗ ಟ್ರಾವೆಲ್ ಗ್ರಾಂಟ್ ಐತೇನು ಕೇಳು, ಆಫೀಸಿಗೆ ಹೋಗಿ ಎದುರಿಗೆ ನಿಂತು ಕೇಳು, ಮೇಲ್ ಹಾಕಿ ಕುಂತ್ರ ಆಗೂದಿಲ್ಲ.

ವಗ್ಗರಣಿ_ಮಿರ್ಚಿ

ಮಾಸ್ತರ್ರು ಮಾಮನ್ನ ಹಿಡ್ಕೊಂಡ್ರು, ಬಿಡಂಗಿಲ್ಲ ಇನ್ನ.

ಕೋಟೆ_ಬದಿ_ಅಕ್ಕ

ಮಾಸ್ತರ್ ಲೆಕ್ಕ ಸರಿ ಐತೆ, ಆದ್ರೆ ಅದನ್ನ ಇಳಸಾಕ ದಾರಿ ಅದಾವೆ. ಮೊದ್ಲು ಆ ಸಂಸ್ಥೆಗೇ ಕೇಳು. ಮೊದಲ ತಿಂಗಳ ಸ್ಟೈಫಂಡ್ ತಿಂಗಳ ಶುರುವಿನಾಗೇ ಕೊಡ್ತೀರಾ, ಹಿಂದಿನ ಇಂಟರ್ನ್ ಇದ್ದ ಕೋಣಿ ಖಾಲಿ ಆಗ್ತೈತಾ, ಆಫೀಸಿನ ಗ್ರೂಪಿನಾಗ ಒಂದು ಮೆಸೇಜ್ ಹಾಕ್ತೀರಾ ಅಂತ. ನಮ್ಮ ಕಡಿ ಹುಡುಗ್ಯಾರು ರೊಕ್ಕದ ಮಾತು ಅಂದ್ರೆ ಬಾಯಿ ಕಟ್ಕೊಂಡು ಕುಂತ್ಬಿಡ್ತಾರೆ, ಎಲ್ಲಿ ಆಫರ್ ವಾಪಸ್ ತಗೊಂಡ್ಬಿಡ್ತಾರೋ ಅಂತ. ಯಾರೂ ತಗೊಳಂಗಿಲ್ಲ. ಬ್ಯಾರೆ ದೇಶದ ಹುಡುಗ್ರು ಇದನ್ನೆಲ್ಲಾ ಮೊದಲನೇ ಮೇಲ್‌ನಾಗೇ ಕೇಳ್ತಾರೆ.

ವಿಮೆ ವಿಷಯ ಗಟ್ಟಿ ನೆನಪಿಟ್ಕೊ. ಬಂದ ಮೂರು ತಿಂಗಳ ಒಳಗೆ ಸ್ವಿಸ್ ಆರೋಗ್ಯ ವಿಮೆ ಮಾಡಿಸ್ಲೇಬೇಕು, ಅದರ ಪ್ರೀಮಿಯಂ ಜಿನೀವಾದಾಗ ಭಾಳ ತುಟ್ಟಿ, ದೊಡ್ಡೋರಿಗೆ ತಿಂಗಳಿಗೆ ನೂರುಗಟ್ಲೆ ಫ್ರಾಂಕ್. ಆದ್ರೆ ಓದಿನ ಸಲುವಾಗಿ ಬಂದ ಸ್ಟೂಡೆಂಟ್‌ಗಳು, ಇಂಟರ್ನ್‌ಗಳು ಅದಕ್ಕೆ ಸಮ ಆಗೋ ಬ್ಯಾರೆ ವಿಮೆ ತೋರ್ಸಿ ವಿನಾಯ್ತಿ ಕೇಳಬಹುದು ಅಂತ ರೂಲ್ಸಿನಾಗೇ ಐತೆ. ಸ್ಟೂಡೆಂಟ್‌ಗಳಿಗೆ ಅಂತನೇ ಇರೋ ವಿಮೆ ನೂರು ಫ್ರಾಂಕಿನ ಆಸುಪಾಸಿನಾಗ ಸಿಗ್ತಾವೆ. ತಾನಾಗೇ ವಿನಾಯ್ತಿ ಸಿಗಂಗಿಲ್ಲ, ಅರ್ಜಿ ಹಾಕ್ಬೇಕು, ಟೈಮಿಗೆ ಹಾಕ್ಬೇಕು. ಸುಮ್ನಿದ್ರೆ ಅವರೇ ಒಂದು ತುಟ್ಟಿ ವಿಮೆಗೆ ಹೆಸರು ಹಚ್ಚಿ ಬಿಲ್ ಮನಿಗೆ ಕಳಸ್ತಾರೆ.

ನಿನ್ನ ವಯಸ್ಸು ಎಷ್ಟು? 25ರ ಒಳಗ ಇದ್ರೆ, ಜಿನೀವಾ ಕ್ಯಾಂಟನ್‌ನಾಗ (ಅಲ್ಲಿ ರಾಜ್ಯಕ್ಕೆ ಹಂಗಂತಾರೆ) ವಾಸ ಅಂತ ನೋಂದಣಿ ಆದ್ರೆ, ಬಸ್ಸು ಟ್ರಾಮು ಪಾಸು 2025ರಿಂದ ಪುಕ್ಕಟ್ಟೆ. ದೊಡ್ಡೋರಿಗೆ ತಿಂಗಳಿಗೆ 70 ಫ್ರಾಂಕಿನಷ್ಟು ಆಗ್ತೈತೆ ಅದು.

ಸಿಂಧನೂರು_ಹುಡುಗಿ

ಅಕ್ಕಾ 24 ನಡೀತದ! ಪಾಸ್ ಪುಕ್ಕಟ್ಟೆ ಅಂದ್ರ ದೊಡ್ಡ ಮಾತಾತು. ಊಟದ್ದು ಹೇಳ್ರಿ, 350ದಾಗ ಆಗ್ತದೇನು? ನಾನು ಮಾಂಸ ತಿನ್ನಲ್ಲ.

ಕೋಟೆ_ಬದಿ_ಅಕ್ಕ

ಮಾಂಸ ತಿನ್ನಂಗಿಲ್ಲ ಅಂದ್ರೆ ಅಲ್ಲಿ ಅರ್ಧ ಗೆದ್ದಂಗೆ, ಮಾಂಸದ ರೇಟು ನೋಡಿದ್ರೆ ತಿನ್ನೋರೂ ಬಿಡ್ತಾರೆ. ಹೊರಗಡಿ ಊಟ ಅನ್ನೋದನ್ನೇ ಮರ್ತುಬಿಡು. ಮಧ್ಯಾಹ್ನ ಹೋಟ್ಲಿನಾಗ ದಿನದ ಊಟ ಅಂತ ಬೋರ್ಡ್ ಹಾಕಿರ್ತಾರೆ, ಸುಮಾರು 20 ಫ್ರಾಂಕ್, ಅಷ್ಟ್ರಾಗ ನಾನು ಮೂರು ದಿನ ಉಣ್ತಿದ್ದೆ. ಡಬ್ಬಿ ಕಟ್ಕೊಂಡು ಹೋಗು, ಆಫೀಸಿನಾಗ ಮೈಕ್ರೋವೇವ್ ಇರ್ತೈತೆ, ಅಲ್ಲಿ ಡೈರೆಕ್ಟರೂ ಡಬ್ಬಿನೇ ತರ್ತಾರೆ, ನಾಚಿಕಿ ಇಲ್ಲ.

ಮಿಗ್ರೋ ಅನ್ನೋ ಸೂಪರ್‌ಮಾರ್ಕೆಟ್ಟಿನಾಗ ಎಂ ಬಜೆಟ್ ಅಂತ ಹಸಿರು ಪ್ಯಾಕೆಟ್ ಸಾಮಾನು ಬರ್ತೈತೆ, ಅದೇ ತಗೊ. ಲಿಡ್ಲ್, ಆಲ್ಡಿ, ಡೆನ್ನರ್ ಇನ್ನೂ ಸ್ವಲ್ಪ ಸೋವಿ. ಸಂಜೆ ಅಂಗಡಿ ಮುಚ್ಚೋ ಹೊತ್ತಿಗೆ ಹೋದ್ರೆ ಒಬ್ಬಾಕೆ ಕೈಯಾಗ ಸ್ಟಿಕ್ಕರ್ ಮಷೀನ್ ಹಿಡ್ಕೊಂಡು ಫ್ರಿಜ್ಜಿನ ಸಾಲಿನಾಗ ನಡ್ಕೊಂತ ಬರ್ತಾಳೆ, ಬ್ರೆಡ್ಡು ಮೊಸರು ಕಟ್ ಮಾಡಿದ ಕಾಯಿಪಲ್ಯ ಎಲ್ಲಾದಕ್ಕೂ 50% ಅಂತ ಟಪ್ ಟಪ್ ಹಚ್ಚತಾಳೆ. ಆಕಿ ಹಿಂದೆ ಮೂರು ಹೆಜ್ಜಿ ದೂರ ನಾವು ನಾಕೈದು ಮಂದಿ, ಏನೋ ಬ್ಯಾರೆ ಹುಡಕ್ತೀವಿ ಅನ್ನೋ ಹಂಗ ಮುಖ ಮಾಡ್ಕೊಂಡು. ಸೂಟು ಹಾಕಿದ ಬ್ಯಾಂಕಿನ ಮುದುಕ ಒಬ್ಬ ದಿನಾ ಬರ್ತಿದ್ದ, ನನ್ನ ಕಣ್ಣೆದುರಿಗೇ ಕೊನೇ ಪನ್ನೀರು ಡಬ್ಬಿ ಎತ್ಕೊಂಡು ಹೋಗ್ತಿದ್ದ. ರವಿವಾರ ಅಂಗಡಿ ಎಲ್ಲಾ ಬಂದ್, ಸ್ಟೇಷನ್ದು ಏರ್‌ಪೋರ್ಟ್ದು ಬಿಟ್ಟು, ಹಂಗಾಗಿ ಶನಿವಾರನೇ ತಂದಿಟ್ಕೊ.

ಅಕ್ಕಿ ಬ್ಯಾಳಿಗೆ ಸ್ಟೇಷನ್ ಹತ್ರ ಪಾಕಿ ಅನ್ನೋ ಏರಿಯಾದಾಗ ಇಂಡಿಯನ್ ಅಂಗಡಿ ಅದಾವೆ. ಅಲ್ಲಿ ಸೋನಾ ಮಸೂರಿ ಚೀಲದ ರೇಟು ನಿಮ್ಮಪ್ಪಗೆ ಹೇಳಬ್ಯಾಡ, ನಿಮ್ಮ ಗದ್ದ್ಯಾಗ ಬೆಳ್ದಿದ್ದು ಅಲ್ಲಿ ಎಷ್ಟಕ್ಕೆ ಮಾರ್ತೈತೆ ಅಂತ ಕೇಳಿದ್ರೆ ಆತನಿಗೆ ಅವತ್ತು ಊಟ ಸೇರಂಗಿಲ್ಲ. 350 ಆಗ್ತೈತೆ, ಕೈ ಹಿಡಿದ್ರೆ 300ಕ್ಕೂ ಆಗ್ತೈತೆ.

ಕುಷ್ಟಗಿ_ಟು_ಪ್ಯಾರಿಸ್

ಟೂ ಗುಡ್ ಟು ಗೋ ಆ್ಯಪ್ ಹಾಕ್ಕೋರಿ, ಉಳಿದ ಬ್ರೆಡ್ಡು ಹಣ್ಣು ಒಂದು ಚೀಲದಾಗ ಹಾಕಿ ಮೂರನೇ ಒಂದು ಭಾಗ ರೇಟಿಗೆ ಕೊಡ್ತಾರ. ಏನ್ ಬರ್ತೈತಿ ಅಂತ ಮೊದ್ಲ ಗೊತ್ತಿರಂಗಿಲ್ಲ, ಸಸ್ಯಾಹಾರಿ ಚೀಲ ಅಂತ ಇದ್ರ ನೋಡಿ ತಗೋರಿ.

ಸಿರುಗುಪ್ಪ_ಗೌಡ

ಚಳಿ ಬಟ್ಟಿ? ನಮ್ಮ ರಾಯಚೂರು ಬಳ್ಳಾರಿ ಬಿಸಲಾಗ ಬೆಳ್ದೋರಿಗೆ ಅಲ್ಲಿ ಚಳಿ ತಡಿಯಾಕ ಆಗ್ತೈತಾ. ಬೆಂಗ್ಳೂರಿನಾಗ ಜಾಕೆಟ್ ತಗೊಂಡು ಹೋಗ್ಲಾ ಅಂತ ನನ್ನ ತಮ್ಮನೂ ಕೇಳಿದ್ದ.

ಕೋಟೆ_ಬದಿ_ಅಕ್ಕ

ಇಲ್ಲಿ ತಗೊಂಡಿದ್ದು ಅಲ್ಲಿ ಬಿಜ್ ಅಂತ ಬೀಸೋ ಉತ್ತರದ ಗಾಳಿಗೆ ತಡಿಯಂಗಿಲ್ಲ. ಒಂದು ಸ್ವೆಟರ್, ಥರ್ಮಲ್ ಇಟ್ಕೊಂಡು ಹೋಗಿ ಕೋಟನ್ನ ಅಲ್ಲೇ ತಗೋಬೇಕು, ಹೊಸದಲ್ಲ. ಕಾರಿತಾಸ್, ಎಮ್ಮಾಸ್ ಅಂತ ಸೆಕೆಂಡ್ ಹ್ಯಾಂಡ್ ಅಂಗಡಿ ಅದಾವೆ, ಬುಧವಾರ ಶನಿವಾರ ಪ್ಲಾಂಪಲೆ ಬಯಲಿನಾಗ ಹಳೇ ಸಾಮಾನಿನ ಸಂತಿ ಕೂಡ್ತೈತೆ. ಪಾತ್ರಿ ಪಗಡಿ ದೀಪ ಹಾಸಿಗಿ ಎಲ್ಲಾ ಅಲ್ಲೇ. ಬ್ಯಾಸಿಗಿಗೆ ಹೋದ್ರೆ ಸರೋವರದಾಗ ಈಜು, ಪಾಕಿ ಸ್ನಾನಘಟ್ಟಕ್ಕೆ ಎರಡು ಫ್ರಾಂಕ್ ಟಿಕೆಟ್ ಅಷ್ಟೇ, ಇಡೀ ಊರೇ ಅಲ್ಲಿ ಬಿದ್ದಿರ್ತೈತೆ.

ಲೆಕ್ಕದ_ಮಾಸ್ತರ

ಅಕ್ಕಾರ ಎಲ್ಲಾ ಚಂದ ಹೇಳಿದ್ರಿ. ಒಂದ ಮಾತು ಉಳಿತು. ಆರು ತಿಂಗಳಾದ ಮ್ಯಾಲೆ ಅಲ್ಲೇ ಕೆಲ್ಸ ಸಿಗ್ತೈತಿ ಅಂತ ಲೆಕ್ಕ ಹಾಕಿ ಸಾಲ ಮಾಡಬ್ಯಾಡ. ಯುರೋಪಿನ ಹೊರಗಿನವ್ರಿಗೆ ಸ್ವಿಟ್ಜರ್ಲೆಂಡ್‌ನಾಗ ಕೆಲ್ಸದ ಪರ್ಮಿಟ್‌ಗೆ ವರ್ಷಕ್ಕಿಷ್ಟು ಅಂತ ಕೋಟಾ ಐತಿ, ಕಂಪನಿಯವ್ರು ಈ ಕೆಲ್ಸಕ್ಕ ಅಲ್ಲೇ ಯಾರೂ ಸಿಗ್ಲಿಲ್ಲ ಅಂತ ತೋರಿಸಬೇಕು. ಸಿಕ್ರ ಸಿಗ್ಲಿ, ಸಾಲ ತೀರ್ಸೋ ಲೆಕ್ಕ ಮಾತ್ರ ಇಲ್ಲಿ ಸಿಗೋ ಪಗಾರದ ಮ್ಯಾಲೆ ಹಾಕು.

ಕೋಟೆ_ಬದಿ_ಅಕ್ಕ

ಇದಕ್ಕೆ ನಂದೂ ಸಹಿ. ನನಗೆ ಸಿಕ್ತು, ನನ್ನ ಜೊತೆ ಇದ್ದ ಭಾಳ ಮಂದಿಗೆ ಸಿಗ್ಲಿಲ್ಲ, ಅವರೇನೂ ನನಗಿಂತ ದಡ್ಡರಾಗಿರ್ಲಿಲ್ಲ.

ಸಿಂಧನೂರು_ಹುಡುಗಿ

ಎಲ್ಲಾರಿಗೂ ಅಪ್‌ಡೇಟ್ ರೀ. ಅಕ್ಕ ಹೇಳ್ದಂಗ ಸಂಸ್ಥೆಗೆ ಮೇಲ್ ಹಾಕ್ದೆ, ಕೈ ನಡಗ್ತಿತ್ತು. ಮೊದಲ ತಿಂಗಳ ಸ್ಟೈಫಂಡ್ ಸೇರಿದ ವಾರದಾಗೇ ಕೊಡ್ತೀವಿ ಅಂದ್ರು, ಶುರು ದಿನಾಂಕ ಒಂದು ತಿಂಗಳು ಮುಂದಕ್ಕ ಹಾಕಾಕ ಒಪ್ಪಿದ್ರು. ಈಗ ಇರೋ ಇಂಟರ್ನ್ ಒಬ್ಬಾಕಿ ತನ್ನ ಕೋಣಿ ಬಿಡಾಕತ್ತಾಳ, 780 ಫ್ರಾಂಕ್, ವಿಡಿಯೋದಾಗ ತೋರಿಸಿದ್ಲು, ಕಿಟಕಿ ಎದುರಿಗೆ ಟ್ರಾಮ್ ಹೋಗ್ತದ. ಯೂನಿವರ್ಸಿಟಿಯಾಗ ಟಿಕೆಟ್ಟಿಗೆ ಸ್ವಲ್ಪ ಕೊಡ್ತಾರಂತ, ಪೂರಾ ಅಲ್ಲ. ಉಳಿದಿದ್ದಕ್ಕ ಅಪ್ಪನ ಜೋಡಿ ಕುಂತು ಮಾಸ್ತರ ಲೆಕ್ಕನ ಹಾಳಿಮ್ಯಾಲೆ ಬರ್ದು ತೋರ್ಸಿದೆ, ಎಷ್ಟು ಬೇಕು, ಯಾವಾಗ ವಾಪಸ್ ಅಂತ. ಬ್ಯಾಂಕಿನಾಗ ಬಂಗಾರದ ಮ್ಯಾಲೆ ತಗೊಳ್ಳೋಣು ಅಂದ್ರು. ಮಾಮ ಐವತ್ತು ಸಾವಿರ ಕೊಡ್ತೀನಿ ಅಂದಾನ, ಬಡ್ಡಿ ಇಲ್ಲ.

ವಗ್ಗರಣಿ_ಮಿರ್ಚಿ

ಮಾಮ ಗೆದ್ದ! ನಾ ಮೊದ್ಲು ಅಂದಿದ್ದೆಲ್ಲಾ ವಾಪಸ್ ತಗೊಂಡೆ.

ಸಿಂಧನೂರು_ಹುಡುಗಿ

ಕೊನೇದೊಂದು ಕೇಳ್ತೀನ್ರಿ, ಅವ್ವ ತುಪ್ಪ, ಪೇಡೆ, ಶೇಂಗಾ ಹಿಂಡಿ, ಖಡಕ್ ರೊಟ್ಟಿ ಎಲ್ಲಾ ಕಟ್ಟಾಕ ಶುರು ಮಾಡ್ಯಾಳ. ಒಯ್ಯಬಹುದೇನು?

ಕೋಟೆ_ಬದಿ_ಅಕ್ಕ

ತುಪ್ಪ ಪೇಡೆ ಬ್ಯಾಡ, ಹಾಲಿನ ಪದಾರ್ಥ ಮಾಂಸ ಎರಡನ್ನೂ ಇಂಡಿಯಾದಿಂದ ಅಲ್ಲಿಗೆ ಬಿಡಂಗಿಲ್ಲ, ಏರ್‌ಪೋರ್ಟಿನಾಗ ಕಸದ ಡಬ್ಬಿಗೆ ಹಾಕಸ್ತಾರೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಖಡಕ್ ರೊಟ್ಟಿ ಆರಾಮಾಗಿ ಒಯ್ಯಿ, ರೊಟ್ಟಿನ ಸ್ಟೀಲ್ ಡಬ್ಬಿಯಾಗ ಹಾಕಿ ಸುತ್ತ ಬಟ್ಟಿ ತುರುಕು, ಇಲ್ಲಾಂದ್ರೆ ಅಲ್ಲಿ ಹೋಗಿ ಬಿಚ್ಚಿದ್ರೆ ಪುಡಿ. ಸಣ್ಣ ಕುಕ್ಕರ್ ಒಯ್ಯಿ, ತಳ ಸಪಾಟಾಗಿರಬೇಕು, ಇಂಡಕ್ಷನ್ನಿಗೂ ಆಗೋದು, ಅಲ್ಲಿ ಗ್ಯಾಸ್ ಒಲಿ ಕಮ್ಮಿ. ಎರಡು ಗ್ಯಾಸ್ಕೆಟ್ ಜಾಸ್ತಿ ಇಟ್ಕೊ. ಚಾರ್ಜರ್ ಎರಡು ಸಣ್ಣ ಪಿನ್ನಿಂದಾದ್ರೆ ಅಲ್ಲಿ ಕೂಡ್ತೈತೆ, ನಮ್ಮ ದಪ್ಪ ಮೂರು ಪಿನ್ನಿಂದು ಕೂಡಂಗಿಲ್ಲ, ಸ್ವಿಸ್ ಅಡಾಪ್ಟರ್ ಒಂದು ಇಲ್ಲೇ ತಗೊಂಡ್ಬಿಡು, ಅಲ್ಲಿ ತುಟ್ಟಿ.